ಕ್ರಿಯಾಪದದ ಬಾಲ: ಗ್ರೀಕ್‌ನಲ್ಲಿ ಆರು, ಇಂಗ್ಲಿಷ್‌ನಲ್ಲಿ ಒಂದು

ಅಡುಗೆಮನೆಯಿಂದ ಅಮ್ಮ "ಊಟಕ್ಕೆ ಬಾರೋ" ಅಂತ ಕೂಗುತ್ತಾರೆ. ಮಗ ಕೂತಲ್ಲಿಂದಲೇ "ಬಂದೆ" ಅನ್ನುತ್ತಾನೆ. "ನಾನು" ಅನ್ನುವ ಪದ ಅಲ್ಲಿ ಇಲ್ಲವೇ ಇಲ್ಲ. ಆದರೂ ಬರುವವರು ಯಾರು ಅಂತ ಯಾರೂ ಕೇಳುವುದಿಲ್ಲ. "ಬಂದೆ" ಪದದ ಕೊನೆಯಲ್ಲಿರುವ "ಎ" ಆ ಕೆಲಸವನ್ನು ಮಾಡಿ ಮುಗಿಸಿರುತ್ತದೆ.

ಅಥೆನ್ಸಿನ ಒಂದು ಮನೆಯಲ್ಲಿ ಇದೇ ನಡೆದರೆ ಅಲ್ಲಿನ ಹುಡುಗ "ಏರ್‌ಹೊಮೆ" ಅನ್ನುತ್ತಾನೆ. ಅದೂ ಒಂದೇ ಪದ. ಬರುತ್ತಿದ್ದೇನೆ ಅಂತ ಅರ್ಥ. ಅಲ್ಲಿಯೂ "ನಾನು" ಅನ್ನುವುದು ಪದದ ಬಾಲದಲ್ಲೇ ಕೂತಿದೆ. ಇಂಗ್ಲಿಷ್ ಹುಡುಗ ವಾಕ್ಯವನ್ನು ಪೂರ್ತಿಯಾಗಿ ಹೇಳಬೇಕೆಂದರೆ "ಐ ಆಮ್ ಕಮಿಂಗ್" ಅನ್ನಬೇಕು. ಮೂರು ತುಂಡು. ಬರೀ "ಕಮಿಂಗ್" ಅಂದರೆ ಬರುವವರು ಯಾರು ಅನ್ನುವುದು ಆ ಪದದೊಳಗೆ ಇಲ್ಲ. ಸಂದರ್ಭ ನೋಡಿ ತಿಳಿದುಕೊಳ್ಳಬೇಕು.

ಗ್ರೀಕ್ ಕಲಿಯುವ ಕನ್ನಡಿಗರು ಸಾಮಾನ್ಯವಾಗಿ ಇಂಗ್ಲಿಷ್ ಮೂಲಕವೇ ಕಲಿಯುತ್ತಾರೆ. ಪುಸ್ತಕ, ಆ್ಯಪ್, ವಿಡಿಯೊ ಎಲ್ಲವೂ ಇಂಗ್ಲಿಷ್‌ನಲ್ಲೇ ಸಿಗುತ್ತವೆ. ಅಲ್ಲಿ ಗ್ರೀಕ್ ಕ್ರಿಯಾಪದ ಅಂದರೆ ಭಾರಿ ಕಷ್ಟದ ವಿಷಯ ಅನ್ನುವಂತೆ ಹೇಳಿರುತ್ತಾರೆ. ಒಂದೊಂದು ಕ್ರಿಯಾಪದಕ್ಕೆ ಆರಾರು ರೂಪ ಬಾಯಿಪಾಠ ಮಾಡಬೇಕಲ್ಲ ಅಂತ. ಇಂಗ್ಲಿಷ್‌ನವರಿಗೆ ಅದು ನಿಜವಾಗಿಯೂ ಕಷ್ಟವೇ. ಆದರೆ ನಾವು ಮಾತು ಕಲಿತ ದಿನದಿಂದ ಕ್ರಿಯಾಪದಕ್ಕೆ ಬಾಲ ಕಟ್ಟಿಕೊಂಡೇ ಬಂದಿದ್ದೇವೆ. ನಮಗೆ ಕನ್ನಡದ ದಾರಿಯೇ ಹತ್ತಿರ. ಎಲ್ಲಿ ಕನ್ನಡ ಕೈಹಿಡಿಯುತ್ತದೆ, ಎಲ್ಲಿ ಕೈಬಿಡುತ್ತದೆ ಅನ್ನುವುದನ್ನು ವರ್ತಮಾನ ಕಾಲದ ಮಟ್ಟಿಗೆ ಬಿಡಿಸಿ ನೋಡೋಣ.

ಮೊದಲು ಓದುವ ಕ್ರಮ. ಇಲ್ಲಿ ಬರುವುದು ಇವತ್ತಿನ ಗ್ರೀಕ್. ಗ್ರೀಕ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಎಲ್ಲಿ ದೀರ್ಘ ಇದೆಯೋ ಅಲ್ಲಿ ಒತ್ತಿ ಹೇಳಬೇಕು. ಗ್ರೀಕ್‌ನಲ್ಲಿ ನಮ್ಮ ಹಾಗೆ ಹ್ರಸ್ವ-ದೀರ್ಘದ ಭೇದ ಇಲ್ಲ, ಒತ್ತು ಮಾತ್ರ ಇದೆ. "ಥ" ಬಂದರೆ ಇಂಗ್ಲಿಷಿನ ಥಿಂಕ್ ಪದದ ಥ ಅಂದುಕೊಳ್ಳಿ. "ಹ" ಬಂದರೆ ಗಂಟಲನ್ನು ಸ್ವಲ್ಪ ಉಜ್ಜಿಕೊಂಡು ಹೊರಡುವ ಹ.

ಗ್ರಾಫೊ, ಗ್ರಾಫಿಸ್, ಗ್ರಾಫಿ

"ಬರೆ" ಅನ್ನುವುದಕ್ಕೆ ಗ್ರೀಕ್‌ನಲ್ಲಿ "ಗ್ರಾಫ್". ಫೋಟೋಗ್ರಾಫ್, ಆಟೋಗ್ರಾಫ್ ಪದಗಳಲ್ಲಿ ಇರುವುದು ಇದೇ. ಇದಕ್ಕೆ ಬಾಲ ಅಂಟಿಸಿದರೆ ಹೀಗಾಗುತ್ತದೆ:

ಗ್ರಾಫೊ – ಬರೆಯುತ್ತೇನೆ
ಗ್ರಾಫಿಸ್ – ಬರೆಯುತ್ತೀಯೆ
ಗ್ರಾಫಿ – ಬರೆಯುತ್ತಾನೆ, ಬರೆಯುತ್ತಾಳೆ, ಬರೆಯುತ್ತದೆ
ಗ್ರಾಫುಮೆ – ಬರೆಯುತ್ತೇವೆ
ಗ್ರಾಫೆತೆ – ಬರೆಯುತ್ತೀರಿ
ಗ್ರಾಫುನ್ – ಬರೆಯುತ್ತಾರೆ, ಬರೆಯುತ್ತವೆ

ಎಡಗಡೆ ಆರು, ಬಲಗಡೆ ಒಂಬತ್ತು. ಕನ್ನಡದ ಬಾಲಗಳೇ ಜಾಸ್ತಿ! ಏನೆ, ಏವೆ, ಈಯೆ, ಈರಿ, ಆನೆ, ಆಳೆ, ಆರೆ, ಅದೆ, ಅವೆ. ಶಾಲೆಯಲ್ಲಿ ಇವನ್ನು ಆಖ್ಯಾತ ಪ್ರತ್ಯಯ ಅಂತ ಓದಿದ್ದೇವೆ. ನಮ್ಮ ಬಾಲಗಳು ಗಂಡೋ ಹೆಣ್ಣೋ ಅನ್ನುವುದನ್ನೂ ಹೇಳುತ್ತವೆ. ಗ್ರೀಕ್ ಬಾಲ ಅದನ್ನು ಹೇಳುವುದಿಲ್ಲ. "ಗ್ರಾಫಿ" ಅಂದಾಗ ಬರೆಯುತ್ತಿರುವುದು ಅಣ್ಣನೋ ತಂಗಿಯೋ ಗೊತ್ತಾಗಬೇಕಾದರೆ ಹೆಸರನ್ನೋ "ಅವನು", "ಅವಳು" ಅನ್ನುವ ಪದವನ್ನೋ ಸೇರಿಸಬೇಕು. ಒಟ್ಟಿನಲ್ಲಿ ಕನ್ನಡದಿಂದ ಗ್ರೀಕ್‌ಗೆ ಹೋಗುವವರಿಗೆ ಹೊರೆ ಇಳಿಯುತ್ತದೆ, ಏರುವುದಿಲ್ಲ.

ಇನ್ನೊಂದು ಅನುಕೂಲವೂ ಇದೆ. ನಮ್ಮಲ್ಲಿ ಧಾತುವಿಗೂ ಬಾಲಕ್ಕೂ ನಡುವೆ ಕಾಲ ತೋರಿಸುವ "ಉತ್ತ" ಬರುತ್ತದೆ. ಬರೆ, ಆಮೇಲೆ ಉತ್ತ, ಆಮೇಲೆ ಏನೆ. ಗ್ರೀಕ್ ವರ್ತಮಾನದಲ್ಲಿ ನಡುವಿನ ಈ ತುಂಡು ಇಲ್ಲ. ಗ್ರಾಫ್ ಮತ್ತು ಒ, ಎರಡೇ. ಹಾಗಾಗಿ ಒಂದು ಸಲ ಬಾಲ ಕಲಿತರೆ ನೂರಾರು ಕ್ರಿಯಾಪದ ಕೈಗೆ ಸಿಗುತ್ತವೆ. ಕಾನೊ ಅಂದರೆ ಮಾಡುತ್ತೇನೆ, ಕಾನಿಸ್ ಅಂದರೆ ಮಾಡುತ್ತೀಯೆ. ಪೀನೊ ಅಂದರೆ ಕುಡಿಯುತ್ತೇನೆ, ಪೀನುಮೆ ಅಂದರೆ ಕುಡಿಯುತ್ತೇವೆ. ಮೇನೊ ಅಂದರೆ ವಾಸವಾಗಿದ್ದೇನೆ, ಮೇನುನ್ ಅಂದರೆ ವಾಸವಾಗಿದ್ದಾರೆ. ಏಹೊ ಅಂದರೆ ನನ್ನ ಹತ್ತಿರ ಇದೆ, ಏಹಿ ಅಂದರೆ ಅವನ ಹತ್ತಿರ ಇದೆ.

ಇವೇನು ನಿನ್ನೆ ಮೊನ್ನೆಯ ಬಾಲಗಳಲ್ಲ. ಮೇಲಿನ ಆರರಲ್ಲಿ ಗ್ರಾಫೊ, ಗ್ರಾಫಿಸ್, ಗ್ರಾಫಿ, ಗ್ರಾಫೆತೆ ಈ ನಾಲ್ಕನ್ನು ಕ್ರಿ.ಪೂ. 4ನೇ ಶತಮಾನದ ಪ್ಲೇಟೋ ಕಾಲದಲ್ಲೂ ಇವೇ ಅಕ್ಷರಗಳಲ್ಲಿ ಬರೆಯುತ್ತಿದ್ದರು. ಉಚ್ಚಾರಣೆ ಬದಲಾಗಿದೆ. ಅಕ್ಷರ ಹಾಗೇ ಉಳಿದಿದೆ. ಅಥೆನ್ಸಿನ ಶಾಲೆಯ ಮಗು ಇವತ್ತು ಕಾಗುಣಿತ ಕಲಿಯುವಾಗ ಬರೆಯುವ "ಗ್ರಾಫಿಸ್" ಎರಡು ಸಾವಿರದ ಮುನ್ನೂರು ವರ್ಷಕ್ಕೂ ಹಳೆಯದು. ಇದನ್ನು ಯೋಚಿಸಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಸರ್ವನಾಮದ ವಿಷಯ. ಎಗೋ ಅಂದರೆ ನಾನು, ಎಸೀ ಅಂದರೆ ನೀನು, ಎಮೀಸ್ ಅಂದರೆ ನಾವು, ಎಸೀಸ್ ಅಂದರೆ ನೀವು. ಇವನ್ನು ಎಲ್ಲ ವಾಕ್ಯದಲ್ಲೂ ಸೇರಿಸಬಾರದು. ನಾನು ಕಲಿಯಲು ಶುರು ಮಾಡಿದಾಗ ಇಂಗ್ಲಿಷ್ ಪುಸ್ತಕದ ಪಟ್ಟಿಯನ್ನೇ ನೋಡಿ ಪ್ರತಿ ಸಾಲಿಗೂ "ಎಗೋ" ಸೇರಿಸಿ ಬರೆದಿದ್ದೆ. ಪಟ್ಟಿಯಲ್ಲಿ ಹಾಗೇ ಇತ್ತು, "ಎಗೋ ಗ್ರಾಫೊ, ಎಸೀ ಗ್ರಾಫಿಸ್" ಅಂತ. ಗ್ರೀಕರ ಕಿವಿಗೆ ಅದು ಹೇಗೆ ಕೇಳುತ್ತದೆ ಅಂತ ತಿಳಿಯಲು ಕನ್ನಡದಲ್ಲೇ ಒಮ್ಮೆ ಹೇಳಿ ನೋಡಿ: "ನಾನು ಬೆಳಿಗ್ಗೆ ಏಳುತ್ತೇನೆ, ನಾನು ಕಾಫಿ ಕುಡಿಯುತ್ತೇನೆ, ನಾನು ಪೇಪರ್ ಓದುತ್ತೇನೆ." ವ್ಯಾಕರಣ ಸರಿ. ಆದರೆ ಯಾರೂ ಹಾಗೆ ಮಾತಾಡುವುದಿಲ್ಲ, ಅಲ್ವಾ? "ನಾನು ಹೋಗ್ತೀನಿ, ನೀನು ಬೇಡ" ಅನ್ನುವ ಕಡೆ ಮಾತ್ರ ನಮಗೆ "ನಾನು" ಬೇಕು. ಗ್ರೀಕ್‌ನಲ್ಲೂ "ಎಗೋ" ಬರುವುದು ಅಂಥ ಕಡೆಯೇ.

"ಎಸೀಸ್" ನಮ್ಮ "ನೀವು" ಇದ್ದ ಹಾಗೇ ಇದೆ. ಹಲವರಿಗೂ ಹೌದು, ಒಬ್ಬ ಹಿರಿಯರಿಗೂ ಹೌದು. ಗೆಳೆಯನಿಗೆ "ತಿ ಕಾನಿಸ್" ಅನ್ನಬೇಕು. ಅಂಗಡಿಯ ಅಜ್ಜನಿಗೆ "ತಿ ಕಾನೆತೆ" ಅನ್ನಬೇಕು. ಎರಡಕ್ಕೂ ಅಕ್ಷರಶಃ ಅರ್ಥ "ಏನು ಮಾಡ್ತೀಯ, ಏನು ಮಾಡ್ತೀರಿ" ಅಂತ. ಬಳಕೆಯಲ್ಲಿ "ಹೇಗಿದ್ದೀಯ, ಹೇಗಿದ್ದೀರಿ" ಅಂತ. ಇಂಗ್ಲಿಷ್‌ನಲ್ಲಿ ಇಬ್ಬರಿಗೂ ಒಂದೇ "ಯೂ". ಆದರೆ ಒಬ್ಬರಿಗೇ ಮರ್ಯಾದೆಯಿಂದ "ಅವರು ಬರುತ್ತಾರೆ" ಅನ್ನುವ ನಮ್ಮ ಪದ್ಧತಿ ಗ್ರೀಕ್‌ನಲ್ಲಿ ಇಲ್ಲ. ಎದುರಿಗಿಲ್ಲದ ಮೇಷ್ಟ್ರು ಎಷ್ಟೇ ದೊಡ್ಡವರಾದರೂ ಅವರಿಗೆ "ಗ್ರಾಫಿ"ಯೇ.

ಹೆಸರಿನ ಗೊಂದಲವೊಂದನ್ನೂ ಇಲ್ಲೇ ಬಿಡಿಸಿಬಿಡುತ್ತೇನೆ. ಕನ್ನಡ ವ್ಯಾಕರಣದಲ್ಲಿ ಪ್ರಥಮ ಪುರುಷ ಅಂದರೆ ಅವನು, ಅವಳು, ಅದು. ಇಂಗ್ಲಿಷ್ ಮತ್ತು ಗ್ರೀಕ್ ವ್ಯಾಕರಣದಲ್ಲಿ "ಫಸ್ಟ್ ಪರ್ಸನ್" ಅಂದರೆ ನಾನು. ಶಾಲೆಯ ಕನ್ನಡ ವ್ಯಾಕರಣ ಚೆನ್ನಾಗಿ ನೆನಪಿರುವವರೇ ಇಲ್ಲಿ ಹೆಚ್ಚು ಎಡವುತ್ತಾರೆ.

ಇಂಗ್ಲಿಷ್‌ನಲ್ಲಿ ಉಳಿದ ಒಂದೇ ಬಾಲ

ಐ ರೈಟ್, ಯೂ ರೈಟ್, ವೀ ರೈಟ್, ದೇ ರೈಟ್. ಎಲ್ಲರಿಗೂ ಒಂದೇ "ರೈಟ್". ಆದರೆ "ಹಿ ರೈಟ್ಸ್". ಈ "ಸ್" ಎಲ್ಲಿಂದ ಬಂತು? ಬಾಲವೇ ಇಲ್ಲದ ಭಾಷೆಯಲ್ಲಿ ಇದೊಂದು ಯಾಕೆ ಅಂಟಿಕೊಂಡಿದೆ?

ನಿಜ ಏನೆಂದರೆ ಇಂಗ್ಲಿಷ್‌ಗೂ ಒಂದು ಕಾಲದಲ್ಲಿ ಬಾಲಗಳಿದ್ದವು. ಸಾವಿರ ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ನಾನು ಅನ್ನುವವನು "ವ್ರೀತೆ" ಅನ್ನುತ್ತಿದ್ದ, ನೀನು ಅನ್ನುವಾಗ "ವ್ರೀತೆಸ್ಟ್", ಅವನು ಅನ್ನುವಾಗ "ವ್ರೀತೆಥ್", ನಾವು-ನೀವು-ಅವರು ಅನ್ನುವಾಗ "ವ್ರೀತಥ್". ಬಾಲದ ಮೇಲೆ ಒತ್ತು ಇರಲಿಲ್ಲ. ಒತ್ತಿಲ್ಲದ ಸ್ವರಗಳು ಬಾಯಲ್ಲಿ ಸವೆಯುತ್ತಾ ಹೋದವು. ಬಾಲ ಸವೆದಂತೆಲ್ಲ ಯಾರು ಅನ್ನುವುದನ್ನು ಹೇಳಲು ಸರ್ವನಾಮ ಬೇಕೇ ಬೇಕಾಯಿತು. ಆಮೇಲೆ "ನೀನು" ಅನ್ನುವ "ದೌ" ಪದವೇ ಮಾತಿನಿಂದ ಮರೆಯಾಗಿ, "ನೀವು" ಅನ್ನುವ "ಯೂ" ಅದರ ಜಾಗವನ್ನೂ ತೆಗೆದುಕೊಂಡಿತು. "ದೌ" ಹೋದಾಗ ಅದರ ಜೊತೆಗಿದ್ದ "ಎಸ್ಟ್" ಬಾಲವೂ ಹೋಯಿತು.

ಕೊನೆಗೆ ಉಳಿದದ್ದು "ಅವನು-ಅವಳು-ಅದು"ಗಳ ಬಾಲ. ಅದೂ "ಎಥ್" ಆಗಿ ಉಳಿಯಲಿಲ್ಲ. ಉತ್ತರ ಇಂಗ್ಲೆಂಡಿನ ಮಾತಿನಲ್ಲಿ "ಸ್" ಇತ್ತು. ಅದು ನಿಧಾನವಾಗಿ ದಕ್ಷಿಣಕ್ಕೆ ಇಳಿದು ಬಂತು. ಶೇಕ್ಸ್‌ಪಿಯರ್ ನಾಟಕಗಳಲ್ಲಿ ಎರಡೂ ಸಿಗುತ್ತವೆ. 1611ರ ಕಿಂಗ್ ಜೇಮ್ಸ್ ಬೈಬಲ್ ಹಳೆಯ "ಎಥ್" ಅನ್ನೇ ಹಿಡಿದುಕೊಂಡಿತ್ತು. ಚರ್ಚಿನಲ್ಲಿ "ಕಮೆಥ್", "ಸೆಥ್" ಅಂತ ಕೇಳಿದವರಿಗೆ ಇದು ನೆನಪಾಗಬಹುದು. ಆಡುಮಾತಿನಲ್ಲಿ ಗೆದ್ದದ್ದು "ಸ್".

ಕನ್ನಡದ ಮಕ್ಕಳು "ಹಿ ಗೋ", "ಶಿ ರೈಟ್" ಅಂತ ಬರೆದು ಬೈಸಿಕೊಳ್ಳುತ್ತಾರೆ. ಅದು ದಡ್ಡತನ ಅಲ್ಲ. ಐದು ಕಡೆ ಬಾಲ ಇಲ್ಲ ಅಂತ ಕಲಿಸಿ ಆರನೇ ಕಡೆ ಇದೆ ಅಂದರೆ ಯಾವ ಮಗುವಿಗಾದರೂ ಮರೆಯುತ್ತದೆ. "ನಮ್ಮ ಬರೆಯುತ್ತಾನೆಯಲ್ಲಿ ಆನೆ ಇದೆಯಲ್ಲ, ಅದರ ಇಂಗ್ಲಿಷ್ ತಮ್ಮ ಈ ಸ್" ಅಂತ ಹೇಳಿಕೊಟ್ಟರೆ ಬೇಗ ಹಿಡಿಯುತ್ತಾರೆ.

ಪ್ರಶ್ನೆ ಕೇಳುವಾಗ ಇದೇ ಸ್ ಇನ್ನೊಂದು ಆಟ ಆಡುತ್ತದೆ. "ಹಿ ರೈಟ್ಸ್" ಅನ್ನುವುದು ಪ್ರಶ್ನೆಯಾದರೆ "ಡಸ್ ಹಿ ರೈಟ್". ನೋಟ್‌ಬುಕ್ಕಿನಲ್ಲಿ ಇದನ್ನು ಬರೆದು ಸ್ ಮೇಲೆ ಬೆರಳಿಟ್ಟು ನೋಡಿ. ಮೊದಲ ವಾಕ್ಯದಲ್ಲಿ ಅದು "ರೈಟ್"ನ ಬೆನ್ನಿಗಿತ್ತು. ಎರಡನೆಯದರಲ್ಲಿ "ಡು" ಹತ್ತಿರ ಓಡಿಹೋಗಿ "ಡಸ್" ಆಗಿದೆ. ಇರುವುದು ಒಂದೇ ಸ್. ಅದು ಎರಡು ಕಡೆ ಇರಲು ಸಾಧ್ಯವಿಲ್ಲ. ಹಾಗಾಗಿ "ಡಸ್ ಹಿ ರೈಟ್ಸ್" ತಪ್ಪು. ಇಲ್ಲ ಅನ್ನುವಾಗಲೂ ಅಷ್ಟೇ, "ಹಿ ಡಸಂಟ್ ರೈಟ್".

ಕ್ಯಾನ್, ಮೇ, ಮಸ್ಟ್ ಇವಕ್ಕೆ ಸ್ ಇಲ್ಲ. "ಹಿ ಕ್ಯಾನ್ಸ್" ಅಂತ ಯಾಕೆ ಆಗುವುದಿಲ್ಲ? ಇವು ಮೂಲದಲ್ಲಿ ಭೂತಕಾಲದ ರೂಪಗಳು. ಆಮೇಲೆ ವರ್ತಮಾನದ ಅರ್ಥಕ್ಕೆ ಬಂದು ಕೂತವು. ಭೂತಕಾಲದಲ್ಲಿ "ಹಿ ರೋಟ್" ಅನ್ನುತ್ತೇವೆಯೇ ಹೊರತು "ರೋಟ್ಸ್" ಅನ್ನುವುದಿಲ್ಲ. ಆ ಹಳೆಯ ಗುಣ ಇವುಗಳಲ್ಲಿ ಉಳಿದಿದೆ.

ಅಸ್ಮಿ, ಎಸ್ತಿ, ಈಸ್

ಎಲ್ಲ ಭಾಷೆಯಲ್ಲೂ ಹೆಚ್ಚು ಬಳಸುವ ಕ್ರಿಯಾಪದವೇ ಹೆಚ್ಚು ಅಂಕುಡೊಂಕು. ಗ್ರೀಕ್‌ನಲ್ಲಿ "ಇರು" ಅನ್ನುವುದು ಹೀಗೆ ನಡೆಯುತ್ತದೆ: ಈಮೆ, ಈಸೆ, ಈನೆ, ಈಮಸ್ತೆ, ಈಸ್ತೆ, ಮತ್ತೆ ಈನೆ. ಅವನು ಇದ್ದಾನೆ, ಅವರು ಇದ್ದಾರೆ ಎರಡಕ್ಕೂ "ಈನೆ"ಯೇ. ಇಂಗ್ಲಿಷ್‌ನಲ್ಲಿ ಆಮ್, ಈಸ್, ಆರ್ ಮೂರು. ಬಾಲಗಳೆಲ್ಲ ಉದುರಿದ ಮೇಲೂ ಇಂಗ್ಲಿಷ್‌ನಲ್ಲಿ ಮೂರು ರೂಪ ಉಳಿಸಿಕೊಂಡ ಕ್ರಿಯಾಪದ ಇದೊಂದೇ.

ಹಳೆಯ ಗ್ರೀಕ್‌ಗೆ ಹೋದರೆ ಒಂದು ಅಚ್ಚರಿ ಕಾದಿದೆ. ಅಲ್ಲಿ ನಾನು ಇದ್ದೇನೆ ಅನ್ನಲು "ಎಯ್ಮಿ", ಹೋಮರನ ಕಾವ್ಯದಲ್ಲಿ ನೀನು ಇದ್ದೀಯೆ ಅನ್ನಲು "ಎಸ್ಸಿ", ಅವನು ಇದ್ದಾನೆ ಅನ್ನಲು "ಎಸ್ತಿ". ಈಗ ಸಂಸ್ಕೃತ ನೆನಪಿಸಿಕೊಳ್ಳಿ. ಅಸ್ಮಿ, ಅಸಿ, ಅಸ್ತಿ. "ಅಹಂ ಬ್ರಹ್ಮಾಸ್ಮಿ"ಯ ಅಸ್ಮಿ, "ತತ್ತ್ವಮಸಿ"ಯ ಅಸಿ, "ನಾಸ್ತಿಕ" ಪದದೊಳಗಿನ ಅಸ್ತಿ. ಇಂಗ್ಲಿಷಿನ "ಆಮ್" ಮತ್ತು "ಈಸ್" ಇದೇ ಮನೆಯವು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕು ಅಂತ ಸಂಸ್ಕೃತ ವಿದ್ವಾಂಸ ವಿಲಿಯಂ ಜೋನ್ಸ್ 1786ರಲ್ಲಿ ಕೋಲ್ಕತ್ತಾದ ಏಷ್ಯಾಟಿಕ್ ಸೊಸೈಟಿಯಲ್ಲಿ ಹೇಳಿದರು. ಅವರ ಕಣ್ಣಿಗೆ ಬಿದ್ದದ್ದು ಕ್ರಿಯಾಪದಗಳ ಬೇರು ಮತ್ತು ವ್ಯಾಕರಣದ ರೂಪಗಳಲ್ಲಿನ ಹೋಲಿಕೆ. ಸುಮ್ನೆ ಒಂದೆರಡು ಪದ ಹೋಲುವುದು ಬೇರೆ, ಹೀಗೆ ಸಾಲುಸಾಲಾಗಿ ಬಾಲಗಳೇ ಹೋಲುವುದು ಬೇರೆ.

ಕನ್ನಡ ಈ ಕುಟುಂಬದ್ದಲ್ಲ, ದ್ರಾವಿಡ. ನಮ್ಮ ಬಾಲಗಳಿಗೂ ಗ್ರೀಕ್ ಬಾಲಗಳಿಗೂ ರಕ್ತಸಂಬಂಧ ಇಲ್ಲ. ನಮ್ಮವು ನಮ್ಮ ಸರ್ವನಾಮಗಳಿಗೇ ನಂಟು. ಬರೆದನು-ಅವನು, ಬರೆದಳು-ಅವಳು, ಬರೆದರು-ಅವರು ಅಂತ ಪಕ್ಕಪಕ್ಕ ಇಟ್ಟರೆ ಕಣ್ಣಿಗೇ ಕಾಣುತ್ತದೆ. ಬೇರೆ ಬೇರೆ ದಾರಿಯಲ್ಲಿ ಬಂದು ಎರಡೂ ಭಾಷೆಗಳು ಒಂದೇ ಏರ್ಪಾಡಿಗೆ ತಲುಪಿವೆ.

ಇಲ್ಲಿ ಕನ್ನಡ ಸ್ವಲ್ಪ ಕೈಕೊಡುತ್ತದೆ. "ಅವನು ಡಾಕ್ಟರು" ಅಂದರೆ ನಮಗೆ ವಾಕ್ಯ ಮುಗಿಯಿತು. ಕ್ರಿಯಾಪದ ಬೇಕಾಗಿಲ್ಲ. ಗ್ರೀಕ್‌ನಲ್ಲಿ "ಈನೆ ಯತ್ರೋಸ್", ಇಂಗ್ಲಿಷ್‌ನಲ್ಲಿ "ಹಿ ಈಸ್ ಎ ಡಾಕ್ಟರ್". ಎರಡರಲ್ಲೂ "ಇರು" ಬರಲೇಬೇಕು. ಗ್ರೀಕ್ "ಅವನು" ಅನ್ನುವುದನ್ನು ಬಿಡುತ್ತದೆ, "ಇದ್ದಾನೆ" ಅನ್ನುವುದನ್ನು ಇಟ್ಟುಕೊಳ್ಳುತ್ತದೆ. ನಾವು ಮಾಡುವುದು ಅದರ ತಿರುವುಮುರುವು.

ಒತ್ತು ಎಲ್ಲಿದೆ ನೋಡಿ

ಎಲ್ಲ ಗ್ರೀಕ್ ಕ್ರಿಯಾಪದಗಳೂ ಗ್ರಾಫೊ ಹಾಗೆ ನಡೆಯುವುದಿಲ್ಲ. ಗ್ರಾಫೊ ಗುಂಪಿನಲ್ಲಿ ಒತ್ತು ಧಾತುವಿನ ಮೇಲಿರುತ್ತದೆ. ಇನ್ನೊಂದು ಗುಂಪಿನಲ್ಲಿ ಒತ್ತು ಬಾಲಕ್ಕೆ ಜಾರುತ್ತದೆ. ಮಾತಾಡು ಅನ್ನುವುದು ಹೀಗೆ: ಮಿಲಾವೊ, ಮಿಲಾಸ್, ಮಿಲಾಯಿ, ಮಿಲಾಮೆ, ಮಿಲಾತೆ, ಮಿಲಾನೆ. ಪ್ರೀತಿಸುತ್ತೇನೆ ಅನ್ನುವ ಅಗಪಾವೊ, ಕೇಳುತ್ತೇನೆ ಅನ್ನುವ ರೊತಾವೊ ಇದೇ ದಾರಿಯವು. ಇದೇ ಗುಂಪಿನ ಒಂದು ಕವಲಿನಲ್ಲಿ "ಆ" ಬದಲು "ಈ" ಬರುತ್ತದೆ: ಬೊರೋ, ಬೊರೀಸ್, ಬೊರೀ, ಬೊರೂಮೆ, ಬೊರೀತೆ, ಬೊರೂನ್. ನನ್ನಿಂದ ಆಗುತ್ತದೆ, ನಿನ್ನಿಂದ ಆಗುತ್ತದೆ ಅಂತ ಅರ್ಥ.

1982ರಿಂದ ಗ್ರೀಕ್ ಬರವಣಿಗೆಯಲ್ಲಿ ಒತ್ತಿಗೆ ಒಂದೇ ಗುರುತು. ಅಕ್ಷರದ ಮೇಲೊಂದು ಚಿಕ್ಕ ಗೀಟು. ಒಂದಕ್ಕಿಂತ ಹೆಚ್ಚು ಉಚ್ಚಾರಾಂಶ (ಸಿಲಬಲ್) ಇರುವ ಪದಗಳಲ್ಲಿ ಅದು ಯಾವಾಗಲೂ ಇರುತ್ತದೆ. ಅದು ಎಲ್ಲಿದೆ ಅಂತ ನೋಡಿದರೆ ಗುಂಪು ಯಾವುದು ಅಂತ ತಿಳಿಯುತ್ತದೆ.

ಒತ್ತು ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಊಟದ ಮೇಜಿನ ಒಂದು ಉದಾಹರಣೆ. "ಪೀನೊ" ಅಂದರೆ ಕುಡಿಯುತ್ತೇನೆ. "ಪಿನಾವೊ" ಅಂದರೆ ನನಗೆ ಹಸಿವಾಗಿದೆ. "ಪೀನಿ" ಅಂದರೆ ಅವನು ಕುಡಿಯುತ್ತಾನೆ. "ಪಿನಾಯಿ" ಅಂದರೆ ಅವನಿಗೆ ಹಸಿವು. ಹಸಿವು ಅಂತ ಹೇಳಲು ಹೋಗಿ ಕುಡಿಯುವ ಮಾತು ಹೇಳಿದಂತಾಗುತ್ತದೆ. ಅಂದಹಾಗೆ "ಪೀನೊ" ಮತ್ತು ಸಂಸ್ಕೃತದ "ಪಾನ" ಒಂದೇ ಬೇರಿನವು.

ತುಂಬ ಬಳಸುವ ಕೆಲವು ಪದಗಳು ಬಾಯಲ್ಲಿ ಸವೆದು ಗಿಡ್ಡವಾಗಿವೆ. ಹೋಗುವುದಕ್ಕೆ ಪಾವೊ, ಪಾಸ್, ಪಾಯಿ, ಪಾಮೆ, ಪಾತೆ, ಪಾನೆ. ಹೇಳುವುದಕ್ಕೆ ಲೇಯೊ, ಲೇಸ್, ಲೇಯಿ, ಲೇಮೆ, ಲೇತೆ, ಲೇನೆ. ತಿನ್ನುವುದಕ್ಕೆ ತ್ರೋವೊ, ತ್ರೋಸ್, ತ್ರೋಯಿ, ತ್ರೋಮೆ, ತ್ರೋತೆ, ತ್ರೋನೆ. ಇವನ್ನು ಮಗ್ಗಿಯ ಹಾಗೆ ಜೋರಾಗಿ ಹೇಳಿಕೊಂಡರೆ ಎರಡು ದಿನದಲ್ಲಿ ಬರುತ್ತವೆ.

ಮೊದಲಲ್ಲೇ ಕಂಡ "ಏರ್‌ಹೊಮೆ" ಬೇರೆಯೇ ಜಾತಿ. ಏರ್‌ಹೊಮೆ, ಏರ್‌ಹೆಸೆ, ಏರ್‌ಹೆತೆ, ಎರ್‌ಹೋಮಸ್ತೆ, ಏರ್‌ಹೆಸ್ತೆ, ಏರ್‌ಹೊಂದೆ. ಕರ್ಮಣಿ ಪ್ರಯೋಗದಲ್ಲಿ ಬರುವುದೂ ಇವೇ ಬಾಲಗಳು. ಬರುವುದು, ಮಲಗುವುದು, ಹೆದರುವುದು, ನೆನಪಾಗುವುದು ಇಂಥವು ಅರ್ಥದಲ್ಲಿ ಕರ್ಮಣಿ ಅಲ್ಲದಿದ್ದರೂ ಈ ಬಾಲ ತೊಡುತ್ತವೆ. ಗ್ರೀಕ್ ನಿಘಂಟಿನಲ್ಲಿ ಕ್ರಿಯಾಪದ ಹುಡುಕುವಾಗ "ನಾನು" ರೂಪದಲ್ಲೇ ಹುಡುಕಬೇಕು. "ಬರೆ" ಅಂತಲೋ "ಬರೆಯುವುದು" ಅಂತಲೋ ಸಿಗುವುದಿಲ್ಲ. "ಬರೆಯುತ್ತೇನೆ" ಅಂತ ಸಿಗುತ್ತದೆ. ಅದು ಒ ಅಂತ ಮುಗಿದರೆ ಒಂದು ದಾರಿ, ಮೆ ಅಂತ ಮುಗಿದರೆ ಇನ್ನೊಂದು.

ಬರೆಯುತ್ತೇನೆ, ಬರೆಯುತ್ತಿದ್ದೇನೆ

ಕನ್ನಡದಲ್ಲಿ "ದಿನಾ ಬರೆಯುತ್ತೇನೆ" ಬೇರೆ, "ಈಗ ಬರೆಯುತ್ತಿದ್ದೇನೆ" ಬೇರೆ. ಇಂಗ್ಲಿಷ್‌ನಲ್ಲೂ "ಐ ರೈಟ್", "ಐ ಆಮ್ ರೈಟಿಂಗ್" ಅಂತ ಎರಡು. ಗ್ರೀಕ್‌ನಲ್ಲಿ ಒಂದೇ. "ಕಾಥೆ ಮೇರಾ ಗ್ರಾಫೊ" ಅಂದರೆ ದಿನಾ ಬರೆಯುತ್ತೇನೆ. "ತೋರಾ ಗ್ರಾಫೊ" ಅಂದರೆ ಈಗ ಬರೆಯುತ್ತಿದ್ದೇನೆ. ಕ್ರಿಯಾಪದ ಬದಲಾಗುವುದಿಲ್ಲ, ಪಕ್ಕದ ಪದ ಕೆಲಸ ಮಾಡುತ್ತದೆ.

ಇದಕ್ಕೂ ಮುಂದೆ ಹೋಗುತ್ತದೆ. "ಮೇನೊ ಎದೋ ದೇಕಾ ಹ್ರೋನ್ಯಾ." ಪದಕ್ಕೆ ಪದ ಇಟ್ಟರೆ "ವಾಸ ಮಾಡುತ್ತೇನೆ ಇಲ್ಲಿ ಹತ್ತು ವರ್ಷ". ಅರ್ಥ, ಹತ್ತು ವರ್ಷದಿಂದ ಇಲ್ಲಿದ್ದೇನೆ. ಇಂಗ್ಲಿಷ್‌ನಲ್ಲಿ ಇದಕ್ಕೆ "ಐ ಹ್ಯಾವ್ ಬೀನ್ ಲಿವಿಂಗ್" ಅಂತ ಉದ್ದದ ಸರಪಳಿ ಬೇಕು. ಗ್ರೀಕ್‌ಗೂ ಕನ್ನಡಕ್ಕೂ ವರ್ತಮಾನವೇ ಸಾಕು.

ಇಂಗ್ಲಿಷ್‌ನಲ್ಲಿ ನಾವು ಎಡವುವುದು "ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್", "ಐ ಆಮ್ ನೋಯಿಂಗ್" ಇಂಥ ಕಡೆ. ಇರುವುದು, ಗೊತ್ತಿರುವುದು, ಬೇಕಾಗಿರುವುದು ಇವು ನಡೆಯುತ್ತಿರುವ ಕೆಲಸಗಳಲ್ಲ, ಸ್ಥಿತಿಗಳು. ಇವಕ್ಕೆ ಇಂಗ್ಲಿಷ್ "ಇಂಗ್" ಹಚ್ಚುವುದಿಲ್ಲ. ಗ್ರೀಕ್‌ನಲ್ಲಿ ಈ ತಪ್ಪು ಮಾಡಲು ದಾರಿಯೇ ಇಲ್ಲ, ರೂಪ ಒಂದೇ ಆದ್ದರಿಂದ.

ನನಗೆ ಬೇಕು, ನನಗೆ ಇಷ್ಟ

ಕನ್ನಡಿಗರು ಗ್ರೀಕ್‌ನಲ್ಲಿ ನಿಜವಾಗಿ ಜಾಗ್ರತೆ ವಹಿಸಬೇಕಾದ್ದು ಇಲ್ಲಿ. ನಮ್ಮ ಭಾಷೆಯಲ್ಲಿ ದಿನಕ್ಕೆ ನೂರು ಸಲ ಬರುವ ಮೂರು ಪದಗಳು ಯಾರಿಗೆ ಅನ್ನುವುದಕ್ಕೆ ತಕ್ಕಂತೆ ಬಾಲ ಬದಲಿಸುವುದಿಲ್ಲ. ಬೇಕು, ಗೊತ್ತು, ಇದೆ. ನನಗೆ ಬೇಕು, ನಿನಗೆ ಬೇಕು, ಅವರಿಗೆ ಬೇಕು. ಬೇಕು ಅಲ್ಲಾಡುವುದಿಲ್ಲ. ಯಾರು ಅನ್ನುವುದು "ಗೆ" ಹಚ್ಚಿದ ಪದದಲ್ಲಿದೆ. ಗ್ರೀಕ್‌ನಲ್ಲಿ ಈ ಮೂರೂ ಮಾಮೂಲಿ ಕ್ರಿಯಾಪದಗಳು. ನನಗೆ ಬೇಕು ಅನ್ನಲು ಥೇಲೊ, ನಿನಗೆ ಬೇಕು ಅನ್ನಲು ಥೇಲಿಸ್, ನಮಗೆ ಬೇಕು ಅನ್ನಲು ಥೇಲುಮೆ. ಗೊತ್ತು ಅನ್ನಲು ಕ್ಸೇರೊ, ಕ್ಸೇರಿಸ್, ಕ್ಸೇರಿ. ನನ್ನ ಹತ್ತಿರ ಇದೆ ಅನ್ನಲು ಏಹೊ. ಇಂಗ್ಲಿಷ್‌ನಲ್ಲೂ ಇವು ಐ ವಾಂಟ್, ಐ ನೋ, ಐ ಹ್ಯಾವ್. ಇಷ್ಟರ ಮಟ್ಟಿಗೆ ಇಂಗ್ಲಿಷ್ ದಾರಿಯೇ ಸರಿ.

ಆದರೆ "ಇಷ್ಟ" ಬಂದ ಕೂಡಲೇ ಗ್ರೀಕ್ ನಮ್ಮ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಇಂಗ್ಲಿಷ್‌ನಲ್ಲಿ "ಐ ಲೈಕ್". ಗ್ರೀಕ್‌ನಲ್ಲಿ "ಮು ಅರೇಸಿ". ಮು ಅಂದರೆ ನನಗೆ. ಅರೇಸಿ ಅಂದರೆ ಇಷ್ಟವಾಗುತ್ತದೆ. ನಿನಗೆ ಇಷ್ಟ ಅನ್ನಲು "ಸು ಅರೇಸಿ". ಇಷ್ಟವಾದದ್ದು ಹಲವಾದರೆ "ಮು ಅರೇಸುನ್", ನನಗೆ ಇಷ್ಟವಾಗುತ್ತವೆ. ಇಂಗ್ಲಿಷ್‌ನವರು ಇದನ್ನು ತಲೆಕೆಳಗಾದ ವಾಕ್ಯ ಅಂತ ಕಷ್ಟಪಟ್ಟು ಕಲಿಯುತ್ತಾರೆ. ನಮಗೆ ಇದು ಮನೆ ಮಾತು.

ಕಡ್ಡಾಯ ಹೇಳುವ "ಪ್ರೇಪಿ" ಕೂಡ ನಮ್ಮ "ಬೇಕು" ಹಾಗೇ ಅಲ್ಲಾಡದೆ ನಿಲ್ಲುತ್ತದೆ. "ಪ್ರೇಪಿ ನಾ ಪಾವೊ" ಅಂದರೆ ನಾನು ಹೋಗಬೇಕು. "ಪ್ರೇಪಿ ನಾ ಪಾಸ್" ಅಂದರೆ ನೀನು ಹೋಗಬೇಕು. ನಡುವಿನ "ನಾ" ಅಂದರೆ ನಾನು ಅಲ್ಲ, ಎರಡು ಕ್ರಿಯಾಪದಗಳನ್ನು ಕಟ್ಟುವ ಕೊಂಡಿ. ಕನ್ನಡದಲ್ಲಿ "ಹೋಗಲು", "ಹೋಗಬೇಕು" ಅಂತ ಎರಡನೇ ಕ್ರಿಯಾಪದ ಬಾಲ ಬಿಟ್ಟುಕೊಡುತ್ತದೆ. ಇಂಗ್ಲಿಷ್‌ನಲ್ಲೂ "ಟು ಗೋ" ಬಾಲವಿಲ್ಲದ್ದು. ಇವತ್ತಿನ ಗ್ರೀಕ್‌ನಲ್ಲಿ ಅಂಥ ರೂಪವೇ ಉಳಿದಿಲ್ಲ. ಎರಡನೆಯದಕ್ಕೂ ಬಾಲ ಬೇಕು. ಹೋಗುವ ಆಸೆ ಇದೆ ಅನ್ನಲು "ಥೇಲೊ ನಾ ಪಾವೊ", ಎರಡಕ್ಕೂ "ನಾನು" ಬಾಲ. ಮೊದಲನೆಯದನ್ನು ಹಾಗೇ ಬಿಟ್ಟು ಎರಡನೆಯದನ್ನು ಬದಲಿಸಿ "ಥೇಲೊ ನಾ ಪಾಸ್" ಅಂದರೆ ನೀನು ಹೋಗಬೇಕು ಅಂತ ನನ್ನ ಆಸೆ. ಒಂದು ಬ್ಯಾಂಕಿನ ಚೆಕ್ಕಿಗೆ ಎರಡು ಸಹಿ ಬೇಕಾದ ಹಾಗೆ, ಎರಡು ಕಡೆಯೂ ಬಾಲ ಸರಿ ಬೀಳಬೇಕು. ಕನ್ನಡವೂ ಇಂಗ್ಲಿಷೂ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಅಭ್ಯಾಸವೊಂದೇ ದಾರಿ.

ಇಲ್ಲ ಅನ್ನುವುದು ಗ್ರೀಕ್‌ನಲ್ಲಿ ಸುಲಭ. ಮುಂದೆ "ದೆನ್" ಇಟ್ಟರೆ ಆಯಿತು. ದೆನ್ ಗ್ರಾಫೊ, ದೆನ್ ಗ್ರಾಫಿಸ್. ಬಾಲ ಇದ್ದ ಹಾಗೇ ಇರುತ್ತದೆ. ನಮ್ಮ "ಬರೆಯುವುದಿಲ್ಲ" ಬಾಲವನ್ನೇ ನುಂಗಿಬಿಡುತ್ತದೆ, ನಾನೋ ಅವನೋ ತಿಳಿಯುವುದಿಲ್ಲ. "ಒಲ್ಲೆ", "ಅರಿಯೆ" ಅನ್ನುವ ಹಳೆಯ ರೂಪಗಳಲ್ಲಿ ಮಾತ್ರ ಅದು ಉಳಿದಿದೆ. ಪ್ರಶ್ನೆಗೆ ಗ್ರೀಕ್‌ನಲ್ಲಿ ದನಿ ಏರಿಸಿದರೆ ಸಾಕು. ಪದಗಳ ಸಾಲು ಬದಲಾಗುವುದಿಲ್ಲ. ಬರೆಯುವಾಗ ಕೊನೆಗೆ ಹಾಕುವ ಪ್ರಶ್ನೆ ಚಿಹ್ನೆ ನಮ್ಮ ಅರ್ಧವಿರಾಮದ ಹಾಗೆ ಕಾಣುತ್ತದೆ. ಇನ್ನೊಂದು ಎಚ್ಚರ: "ನೆ" ಅಂದರೆ ಹೌದು, "ಓಹಿ" ಅಂದರೆ ಇಲ್ಲ. ನಮ್ಮ ಕಿವಿಗೆ "ನೆ" ಇಲ್ಲ ಅಂದಂತೆಯೇ ಕೇಳುತ್ತದೆ.

ಈಗ ಒಂದು ಸಣ್ಣ ಮಾತುಕತೆ. ಇಬ್ಬರು ಗೆಳೆಯರು ರಸ್ತೆಯಲ್ಲಿ ಸಿಕ್ಕಿದ್ದಾರೆ. ಮೇಲೆ ನೋಡಿದ ಪದಗಳೇ ಇಲ್ಲಿ ಹೆಚ್ಚು.

"ತಿ ಕಾನಿಸ್?"
"ಕಲಾ ಈಮೆ. ಪಿನಾವೊ."
"ಕಿ ಎಗೋ. ಪಾಮೆ?"
"ಪೂ ಪಾಮೆ?"
"ದೆನ್ ಕ್ಸೇರೊ. ಸು ಅರೇಸಿ ತೊ ಪ್ಸಾರಿ?"
"ನೆ, ಮು ಅರೇಸಿ."
"ತೋತೆ ಪಾಮೆ."

ಹೇಗಿದ್ದೀಯ ಅಂತ ಒಬ್ಬ ಕೇಳಿದ. ಚೆನ್ನಾಗಿದ್ದೀನಿ, ಹಸಿವಾಗ್ತಿದೆ ಅಂದ ಇನ್ನೊಬ್ಬ. ನನಗೂ ಅಂದ ಮೊದಲನೆಯವನು. ಇಡೀ ಮಾತಿನಲ್ಲಿ "ಎಗೋ" ಬಂದದ್ದು ಇಲ್ಲಿ ಮಾತ್ರ, ನಿನಗಷ್ಟೇ ಅಲ್ಲ ನನಗೂ ಅಂತ ಒತ್ತಿ ಹೇಳಬೇಕಾದಾಗ. ಪ್ಸಾರಿ ಅಂದರೆ ಮೀನು. "ಪಾಮೆ" ಮೂರು ಸಲ ಬಂದಿದೆ, ಮೂರು ಸಲವೂ "ನಾವು" ರೂಪವೇ. ಕನ್ನಡದಲ್ಲಿ ಮೊದಲನೆಯದು "ಹೋಗೋಣ್ವಾ?", ಎರಡನೆಯದು "ಎಲ್ಲಿಗೆ ಹೋಗ್ತಾ ಇದ್ದೀವಿ?", ಮೂರನೆಯದು "ಹಾಗಾದ್ರೆ ನಡಿ, ಹೋಗೋಣ."